ಮಾತಿಗೂ ಮುಯ್ಯಿ ಉಂಟು: ಕೆಚುವಾ ರೈತರ ನುಡಿ ಕಣಜ

ಹಾಸನ, ಚಿಕ್ಕಬಳ್ಳಾಪುರ, ಬೆಳಗಾವಿ ಕಡೆಯ ರೈತರಿಗೆ ಆಲೂಗಡ್ಡೆ ಹೊಸ ಬೆಳೆಯೇನಲ್ಲ. ಆದರೆ ಈ ಗೆಡ್ಡೆಯ ತವರು ಯಾವುದೆಂದು ಕೇಳಿದರೆ ಸಮುದ್ರದಾಚೆ, ದಕ್ಷಿಣ ಅಮೆರಿಕದ ಆಂಡೀಸ್ ಪರ್ವತಗಳ ಕಡೆ ಕೈ ತೋರಿಸಬೇಕಾಗುತ್ತದೆ. ಪೆರು, ಬೊಲಿವಿಯಾ ದೇಶಗಳ ಆ ಎತ್ತರದ ಹೊಲಗಳಲ್ಲಿ ರೈತರು ಸಾವಿರಾರು ವರ್ಷಗಳಿಂದ ಆಲೂಗಡ್ಡೆ ಬೆಳೆಯುತ್ತ ಬಂದಿದ್ದಾರೆ. ಅಲ್ಲಿ ಇಂದಿಗೂ 4,000ಕ್ಕೂ ಹೆಚ್ಚು ನಾಟಿ ತಳಿಗಳಿವೆ. ನಮ್ಮ ಹಿರಿಯರು ಭತ್ತಕ್ಕೆ, ರಾಗಿಗೆ ಹೆಸರಿಟ್ಟಂತೆ ಅವರೂ ತಮ್ಮ ತಳಿಗಳಿಗೆ ಬಣ್ಣ ನೋಡಿ, ಆಕಾರ ನೋಡಿ, ಗುಣ ನೋಡಿ ಹೆಸರಿಟ್ಟಿದ್ದಾರೆ.

ಅವುಗಳಲ್ಲಿ ಒಂದು ತಳಿಯ ಹೆಸರು ‘ಖಾಚುನ್ ವಖಾಚಿ’. ಹಾಗೆಂದರೆ ‘ಸೊಸೆಯನ್ನು ಅಳಿಸುವುದು’. ಗೆಡ್ಡೆಯ ಮೈತುಂಬ ಗಂಟು, ಗುಳಿ. ಹೊಸದಾಗಿ ಬಂದ ಸೊಸೆಯ ಕೈಗೆ ಅತ್ತೆ ಇದನ್ನು ಕೊಟ್ಟು ಸಿಪ್ಪೆ ತೆಳ್ಳಗೆ ಸುಲಿ ಎಂದರೆ ಅವಳ ಕಣ್ಣಲ್ಲಿ ನೀರು ಬರುವುದು ಖಂಡಿತ. ಇಂಥ ಹೆಸರು ಇಡಬಲ್ಲವರು ಹೊಲವನ್ನೂ ಬಲ್ಲವರು, ಮನೆಯನ್ನೂ ಬಲ್ಲವರು. ಆ ಹೆಸರು ಇಟ್ಟ ನುಡಿಯೇ ಕೆಚುವಾ.

ಈಗ ಫೋನಿಗೆ ಬಾಯಿಮಾತಿನಲ್ಲಿ ಪ್ರಶ್ನೆ ಕೇಳಿ ಉತ್ತರ ಪಡೆಯುವ ಕಾಲ ಬಂದಿದೆ. ಇಂಗ್ಲಿಷಿನಲ್ಲೋ ಸ್ಪ್ಯಾನಿಷಿನಲ್ಲೋ ಕೇಳಿದವರಿಗೆ ಕೂಡಲೇ ಉತ್ತರ ಸಿಕ್ಕಿತು. ಕೆಚುವಾದಲ್ಲಿ ಕೇಳಿದವರಿಗೆ ಯಂತ್ರ ಬಹುಕಾಲ ಕಿವುಡಾಗಿಯೇ ಇತ್ತು. ಹೀಗೇಕಾಯಿತು? ಅದರ ಕಿವಿ ತೆರೆಸಲು ಅಲ್ಲಿಯವರು ಮಾಡಿದ್ದೇನು? ಅಂಥದೇ ಕೆಲಸ ನಮ್ಮ ಹಳ್ಳಿಗಳಿಗೂ ಬಂದಿರುವಾಗ ನಾವು ತಿಳಿದಿರಬೇಕಾದ್ದೇನು? ಈ ಮೂರು ವಿಷಯಗಳನ್ನು ಇಲ್ಲಿ ಹೇಳಿದೆ.

ಕೆಚುವಾ ಎಂಥ ನುಡಿ?

ಕೆಚುವಾ ಆಡುವವರು ಬೆರಳೆಣಿಕೆಯ ಜನರಲ್ಲ. ಮುಖ್ಯವಾಗಿ ಪೆರು, ಬೊಲಿವಿಯಾ, ಇಕ್ವಡಾರ್ ದೇಶಗಳಲ್ಲಿ ಒಟ್ಟು ಸುಮಾರು 80 ಲಕ್ಷ ಜನ ಇದನ್ನು ಆಡುತ್ತಾರೆ. ಪೆರು ದೇಶದ 2017ರ ಜನಗಣತಿಯಲ್ಲಿ ಹತ್ತಿರ ಹತ್ತಿರ 38 ಲಕ್ಷ ಮಂದಿ ಇದೇ ತಮ್ಮ ತಾಯ್ನುಡಿ ಎಂದು ಬರೆಸಿದರು. ಇಂಕಾ ಅರಸರ ಕಾಲದಲ್ಲಿ ರಾಜ್ಯಭಾರ ನಡೆದದ್ದು ಈ ನುಡಿಯಲ್ಲಿ. 1532ರಲ್ಲಿ ಸ್ಪೇನಿನವರು ಬಂದ ಮೇಲೆ ಅದು ಮೆಲ್ಲಮೆಲ್ಲಗೆ ಕಚೇರಿಯಿಂದ ಹೊರಬಿತ್ತು. 1780ರಲ್ಲಿ ತೂಪಾಕ್ ಅಮಾರು ಎಂಬ ನಾಯಕ ದಂಗೆಯೆದ್ದ. ದಂಗೆಯನ್ನು ಅಡಗಿಸಿದ ಅಧಿಕಾರಿಗಳು, ಅದರ ಜೊತೆಗೆ ಆ ಜನರ ನುಡಿಯನ್ನೂ ಅಡಗಿಸಬೇಕೆಂದು ಆಜ್ಞೆ ಹೊರಡಿಸಿದರು.

1969ರಲ್ಲಿ ಪೆರು ಸರ್ಕಾರ ಭೂಸುಧಾರಣೆ ತಂದು ದೊಡ್ಡ ಜಮೀನುದಾರರ ನೆಲವನ್ನು ರೈತರಿಗೆ ಹಂಚಿತು. ಅದೇ ಸರ್ಕಾರ 1975ರಲ್ಲಿ ಕೆಚುವಾಕ್ಕೆ ಅಧಿಕೃತ ಭಾಷೆಯ ಸ್ಥಾನ ಕೊಟ್ಟಿತು. ಕಾಗದದ ಮೇಲೆ ಸ್ಥಾನ ಸಿಕ್ಕಿತೇ ಹೊರತು ಪೊಲೀಸ್ ಠಾಣೆಯಲ್ಲಿ, ಆಸ್ಪತ್ರೆಯಲ್ಲಿ, ನ್ಯಾಯಾಲಯದಲ್ಲಿ ಸಿಗಲಿಲ್ಲ. ಇದರ ಫಲ ಎಷ್ಟು ಕಹಿಯಾಯಿತು ಎಂಬುದಕ್ಕೆ ಒಂದೇ ಉದಾಹರಣೆ ಸಾಕು. 1980ರಿಂದ 2000ದವರೆಗೆ ಆ ದೇಶದಲ್ಲಿ ಒಳಯುದ್ಧ ನಡೆಯಿತು. 2003ರಲ್ಲಿ ವರದಿ ಕೊಟ್ಟ ಸತ್ಯಶೋಧನಾ ಆಯೋಗ, ಸತ್ತವರು ಮತ್ತು ಕಾಣೆಯಾದವರು ಸುಮಾರು 69,000 ಎಂದು ಅಂದಾಜು ಮಾಡಿತು. ಆಯೋಗದ ಲೆಕ್ಕಕ್ಕೆ ಬಂದವರಲ್ಲಿ ನೂರಕ್ಕೆ 75 ಮಂದಿಯ ಮನೆಮಾತು ಕೆಚುವಾ ಅಥವಾ ಬೇರೆ ಸ್ಥಳೀಯ ನುಡಿ. ಹಳ್ಳಿಯವರು ಇಷ್ಟು ಸಂಖ್ಯೆಯಲ್ಲಿ ಸಾಯುತ್ತಿದ್ದುದು ರಾಜಧಾನಿ ಲಿಮಾಕ್ಕೆ ಬಹುಕಾಲ ತಿಳಿಯಲೇ ಇಲ್ಲ. ಅವರ ಕೂಗು ಅರ್ಥವಾಗುವ ಕಿವಿ ಅಲ್ಲಿ ಇರಲಿಲ್ಲ.

ಕನ್ನಡಕ್ಕೂ ಕೆಚುವಾಕ್ಕೂ ನಂಟೇನೂ ಇಲ್ಲ. ಆದರೂ ಅದರ ನಡೆ ನಮಗೆ ಪರಿಚಿತವೆನಿಸುತ್ತದೆ. ‘ವಾಸಿ’ ಎಂದರೆ ಮನೆ. ‘ವಾಸಿಕುನ’ ಎಂದರೆ ಮನೆಗಳು. ‘ವಾಸಿಕುನಪಿ’ ಎಂದರೆ ಮನೆಗಳಲ್ಲಿ. ನಮ್ಮಂತೆಯೇ ಅವರೂ ಪದದ ಬಾಲಕ್ಕೆ ಪ್ರತ್ಯಯ ಪೋಣಿಸುತ್ತ ಹೋಗುತ್ತಾರೆ. ನಾವು ಕಣ್ಣಾರೆ ಕಂಡಿದ್ದರೆ ‘ಮಳೆ ಬಂತು’ ಎನ್ನುತ್ತೇವೆ, ಯಾರೋ ಹೇಳಿದ್ದರೆ ‘ಮಳೆ ಬಂತಂತೆ’ ಎನ್ನುತ್ತೇವೆ. ಕೆಚುವಾದಲ್ಲೂ ಕಂಡದ್ದಕ್ಕೆ ‘ಮಿ’ ಎಂಬ ಪ್ರತ್ಯಯ, ಕೇಳಿದ್ದಕ್ಕೆ ‘ಸಿ’ ಎಂಬ ಪ್ರತ್ಯಯ. ಈ ಒಂದು ಸಣ್ಣ ಸದ್ದನ್ನು ತಪ್ಪಾಗಿ ಕೇಳಿದರೆ ಸಾಕು, ಕಂಡ ಸಾಕ್ಷಿ ಬರೀ ಸುದ್ದಿಯಾಗಿಬಿಡುತ್ತದೆ.

ಅವರಲ್ಲಿ ‘ಐನಿ’ ಎಂಬ ಪದ್ಧತಿಯೊಂದಿದೆ. ಇವತ್ತು ನಿನ್ನ ಹೊಲಕ್ಕೆ ನಾನು ಆಳಾಗಿ ಬರುತ್ತೇನೆ, ನಾಳೆ ನನ್ನ ಹೊಲಕ್ಕೆ ನೀನು ಬಾ ಎಂಬ ಒಪ್ಪಂದ. ನಮ್ಮ ಮುಯ್ಯಾಳಿನ ಪದ್ಧತಿಯೇ ಅದು. ಈ ಮುಯ್ಯಿಯ ಮಾತನ್ನು ಓದುಗರು ನೆನಪಿನಲ್ಲಿಡಬೇಕು. ಮುಂದೆ ಬೇಕಾಗುತ್ತದೆ.

ಯಂತ್ರದ ಕಿವಿ ಕಲಿಯುವುದು ಹೇಗೆ?

ಮಗು ತಾಯಿಯ ಮಾತನ್ನು ಕೇಳಿ ಕೇಳಿ ಕಲಿಯುತ್ತದೆ. ಯಂತ್ರವೂ ಕೇಳಿಯೇ ಕಲಿಯಬೇಕು. ಆದರೆ ಅದಕ್ಕೆ ಮಗುವಿನ ಬುದ್ಧಿ ಇಲ್ಲ. ಮಗುವಿಗೆ ಹತ್ತು ಸಲ ಹೇಳಿದರೆ ಸಾಕಾದದ್ದನ್ನು ಯಂತ್ರಕ್ಕೆ ಹತ್ತಾರು ಸಾವಿರ ಸಲ ಕೇಳಿಸಬೇಕು. ಬರೀ ಕೇಳಿಸಿದರೂ ಸಾಲದು. ಆಡಿದ ಮಾತು ಒಂದು ಕಡೆ, ಅದನ್ನು ಅಕ್ಷರಕ್ಕೆ ಅಕ್ಷರ ಬರೆದ ಬರಹ ಇನ್ನೊಂದು ಕಡೆ, ಹೀಗೆ ಜೋಡಿ ಜೋಡಿಯಾಗಿ ಕೊಡಬೇಕು. ‘ಈ ಸದ್ದಿಗೆ ಈ ಬರಹ’ ಎಂದು ಯಂತ್ರ ಲೆಕ್ಕ ಹಾಕಿಕೊಳ್ಳುತ್ತ ಹೋಗುತ್ತದೆ. ಹೀಗೆ ಕೂಡಿಹಾಕಿದ ಧ್ವನಿ ಮತ್ತು ಬರಹದ ರಾಶಿಯನ್ನು ನಾವು ನುಡಿ ಕಣಜ ಎಂದು ಕರೆಯೋಣ. ಕಣಜದಲ್ಲಿ ಏನಿದೆಯೋ ಅದನ್ನೇ ಯಂತ್ರ ಬಲ್ಲದು.

ಕಣಜ ಎಷ್ಟು ದೊಡ್ಡದಿರಬೇಕು? 2022ರಲ್ಲಿ ಅಮೆರಿಕದ ಓಪನ್‌ಎಐ ಕಂಪನಿ ‘ವಿಸ್ಪರ್’ ಎಂಬ ಹೆಸರಿನ ಯಂತ್ರಕಿವಿಯನ್ನು ಬಿಡುಗಡೆ ಮಾಡಿತು. ಅದಕ್ಕೆ ಕೇಳಿಸಿದ್ದು 6,80,000 ಗಂಟೆಗಳ ಧ್ವನಿ. ಅದರಲ್ಲಿ ಮೂರರಲ್ಲಿ ಸುಮಾರು ಎರಡು ಪಾಲು ಇಂಗ್ಲಿಷೊಂದರದೇ. ಇಂಗ್ಲಿಷಿನಲ್ಲಿ ಸಿನಿಮಾ, ಭಾಷಣ, ಸುದ್ದಿ ಎಲ್ಲಕ್ಕೂ ಬರಹ ಸಮೇತ ಧ್ವನಿ ಮೊದಲೇ ಬಿದ್ದಿದೆ. ಬಾಚಿಕೊಂಡರೆ ಮುಗಿಯಿತು. ಕೆಚುವಾ ಬದುಕಿರುವುದು ಬಾಯಲ್ಲಿ. ಹೊಲದಲ್ಲಿ, ಸಂತೆಯಲ್ಲಿ, ಒಲೆಯ ಮುಂದೆ ಆಡಿದ ಮಾತು ಗಾಳಿಗೆ ಹೋಗುತ್ತದೆ. ಬಾಚಿಕೊಳ್ಳಲು ಅಲ್ಲಿ ಏನೂ ಬಿದ್ದಿರಲಿಲ್ಲ. ಒಂದೊಂದು ಕಾಳನ್ನೂ ಜನರೇ ಕೂಡಿಸಬೇಕಾಯಿತು.

ಬಾನುಲಿಯಿಂದ ಆರಂಭ

ಮೊದಲು ಕಣ್ಣಿಗೆ ಬಿದ್ದದ್ದು ಬಾನುಲಿ. ಪೆರು ದೇಶದ ದಕ್ಷಿಣದ ಹಳ್ಳಿಗಳಲ್ಲಿ ಕೆಚುವಾ ಬಾನುಲಿ ಕಾರ್ಯಕ್ರಮಗಳಿಗೆ ಒಳ್ಳೆಯ ಕೇಳುಗರಿದ್ದಾರೆ. ಅಲ್ಲಿಯ ಸಂಶೋಧಕರು ಬಾನುಲಿಯ ಮಾತುಕತೆಗಳನ್ನು ಪಡೆದು, ತುಂಡು ತುಂಡಾಗಿ ಬೇರ್ಪಡಿಸಿ, ಕೆಚುವಾ ಮಾತನಾಡುವವರಿಂದಲೇ ಬರೆಸಿದರು. ಹೀಗೆ ನೂರು ಗಂಟೆಗೆ ಹತ್ತಿರದ ಒಂದು ಕಣಜ 2018ರಲ್ಲಿ ಹೊರಬಂತು. ಅದಕ್ಕೆ ಇಟ್ಟ ಹೆಸರು ‘ಸಿಮಿಂಚಿಕ್’.

ಆ ಹೆಸರು ಅರ್ಥವತ್ತಾಗಿದೆ. ‘ಸಿಮಿ’ ಎಂದರೆ ಬಾಯಿ, ಮಾತು, ನುಡಿ ಎಲ್ಲವೂ ಹೌದು. ‘ಂಚಿಕ್’ ಎಂದರೆ ನಮ್ಮ. ಕೆಚುವಾದಲ್ಲಿ ‘ನಮ್ಮ’ ಎನ್ನಲು ಎರಡು ಬಗೆ ಉಂಟು. ಕೇಳುತ್ತಿರುವ ನೀವೂ ಸೇರಿದಂತೆ ನಮ್ಮೆಲ್ಲರ ಎಂಬುದು ಒಂದು. ನಿಮ್ಮನ್ನು ಬಿಟ್ಟು ನಮ್ಮಷ್ಟೇ ಜನರ ಎಂಬುದು ಇನ್ನೊಂದು. ತುಳುವಿನಲ್ಲಿ ‘ನಮ’ ಮತ್ತು ‘ಎಂಕುಲು’ ಎಂದು ಬೇರೆ ಬೇರೆ ಇಲ್ಲವೇ, ಹಾಗೆ. ಸಂಶೋಧಕರು ಆರಿಸಿಕೊಂಡದ್ದು ಎಲ್ಲರೂ ಸೇರಿದ ‘ನಮ್ಮ’ ಎಂಬ ಪದವನ್ನು. ಸರ್ಕಾರದ ದೂರದರ್ಶನ 2016ರ ಡಿಸೆಂಬರಿನಲ್ಲಿ ಆರಂಭಿಸಿದ ಮೊದಲ ಕೆಚುವಾ ಸುದ್ದಿ ಕಾರ್ಯಕ್ರಮಕ್ಕೂ ಇದೇ ಅರ್ಥದ ‘ನ್ಯುಖಾಂಚಿಕ್’, ಅಂದರೆ ‘ನಾವೆಲ್ಲ’ ಎಂಬ ಹೆಸರಿತ್ತು.

ಬಾನುಲಿಯೊಂದರಿಂದಲೇ ಕೆಲಸ ಸಾಗದು. ಅಲ್ಲಿ ಮಾತನಾಡುವವರು ಕೆಲವೇ ಮಂದಿ, ಮಾತು ಹಸನು ಮಾಡಿಕೊಂಡವರು. ಆದ್ದರಿಂದ ಮುಂದಿನ ಹಂತದಲ್ಲಿ ಜನರ ಕೈಯ ಮೊಬೈಲ್ ಫೋನನ್ನೇ ಧ್ವನಿಮುದ್ರಣ ಯಂತ್ರವಾಗಿ ಮಾಡಿಕೊಂಡರು. ‘ಹುಖಾರಿಕ್’ ಎಂಬುದು ಆ ಕೆಲಸದ ಹೆಸರು. ಎತ್ತಿ ಹಿಡಿಯುವವನು ಎಂದು ಅದರ ಅರ್ಥ. 2022ರಲ್ಲಿ ಪ್ರಕಟವಾದ ವಿವರದ ಪ್ರಕಾರ 500ಕ್ಕೂ ಹೆಚ್ಚು ಸ್ವಯಂಸೇವಕರು ಪೆರುವಿನ ನಾಲ್ಕು ಸ್ಥಳೀಯ ನುಡಿಗಳಲ್ಲಿ 220 ಗಂಟೆಗಳ ಧ್ವನಿ ಕೊಟ್ಟಿದ್ದರು. ಪೆರುವಿನಲ್ಲಿರುವ ಸ್ಥಳೀಯ ನುಡಿಗಳು 48. ಇನ್ನೂ ಎಷ್ಟು ದಾರಿ ಉಳಿದಿತ್ತೆಂಬುದನ್ನು ಓದುಗರೇ ಊಹಿಸಬಹುದು.

ಧ್ವನಿ ಕೂಡಿಸುವ ಕ್ರಮ

ಬಿತ್ತನೆ ಬೀಜ ತಯಾರಿಸುವ ರೈತನಿಗೆ ಈ ಕೆಲಸದ ಕ್ರಮ ಸುಲಭವಾಗಿ ಅರ್ಥವಾಗುತ್ತದೆ.

1. ವಾಕ್ಯಗಳ ಆಯ್ಕೆ: ಏನು ಮಾತನಾಡಿಸಬೇಕು ಎಂಬುದನ್ನು ಮೊದಲು ನಿಶ್ಚಯಿಸಬೇಕು. ಪಠ್ಯಪುಸ್ತಕದ ವಾಕ್ಯಗಳನ್ನಷ್ಟೇ ಓದಿಸಿದರೆ ಯಂತ್ರಕ್ಕೆ ಪಠ್ಯಪುಸ್ತಕದ ಭಾಷೆ ಮಾತ್ರ ಬರುತ್ತದೆ. ಆಂಡೀಸ್ ರೈತರು ರಾತ್ರಿಯ ಹಿಮದಲ್ಲಿ ಆಲೂಗಡ್ಡೆ ಹೆಪ್ಪುಗಟ್ಟಿಸಿ, ಕಾಲಿನಿಂದ ತುಳಿದು ನೀರು ಹಿಂಡಿ, ಬಿಸಿಲಿಗೆ ಒಣಗಿಸಿ ‘ಚೂನ್ಯೊ’ ಮಾಡಿಡುತ್ತಾರೆ. ವರ್ಷಗಟ್ಟಲೆ ಕೆಡುವುದಿಲ್ಲ. ಇಂಥ ಕೆಲಸದ ಮಾತು, ಬೀಜದ ಹೆಸರು, ರೋಗದ ಹೆಸರು ಕಣಜಕ್ಕೆ ಬೀಳದಿದ್ದರೆ ರೈತನಿಗೆ ಆ ಯಂತ್ರದಿಂದ ಪ್ರಯೋಜನವಿಲ್ಲ.

2. ಜನರ ಆಯ್ಕೆ: ಗಂಡಸರು, ಹೆಂಗಸರು, ಮುದುಕರು, ಹುಡುಗರು, ಬೆಟ್ಟದ ಮೇಲಿನವರು, ಕಣಿವೆಯವರು ಎಲ್ಲರೂ ಬೇಕು. ಹಲ್ಲು ಬಿದ್ದ ಅಜ್ಜಿಯ ಮಾತೂ ಬೇಕು. ಒಬ್ಬನಿಂದಲೇ ನೂರು ಗಂಟೆ ಮಾತಾಡಿಸುವುದಕ್ಕಿಂತ ನೂರು ಜನರಿಂದ ಒಂದೊಂದು ಗಂಟೆ ಮಾತಾಡಿಸುವುದು ಮೇಲು.

3. ಧ್ವನಿ ಹಿಡಿಯುವುದು: ಓದು ಬಲ್ಲವರಿಗೆ ವಾಕ್ಯ ಕೊಟ್ಟು ಓದಿಸಬಹುದು. ಕೆಚುವಾ ಚೆನ್ನಾಗಿ ಆಡುವ ಎಷ್ಟೋ ಮಂದಿಗೆ ಅದನ್ನು ಓದಿ ಬಳಕೆಯಿಲ್ಲ, ಏಕೆಂದರೆ ಶಾಲೆಯಲ್ಲಿ ಕಲಿತದ್ದು ಸ್ಪ್ಯಾನಿಷ್. ಅಂಥವರಿಗೆ ವಾಕ್ಯವನ್ನು ಕೇಳಿಸಿ ಹಿಂದೆಯೇ ಹೇಳಿಸಬಹುದು. ಚಿತ್ರ ತೋರಿಸಿ ಕಂಡದ್ದನ್ನು ಹೇಳಿ ಎನ್ನಬಹುದು. ಬೀಸುವ ಗಾಳಿ, ಪಕ್ಕದ ಮನೆಯ ಹಾಡು ಫೋನಿಗೆ ಬಡಿಯದಂತೆ ನೋಡಿಕೊಳ್ಳಬೇಕು. ಆದರೆ ಕೋಳಿಯ ಕೂಗು, ಕುರಿಯ ಸದ್ದು ಸ್ವಲ್ಪ ಸೇರಿದರೆ ಅಡ್ಡಿಯಿಲ್ಲ. ನಾಳೆ ಯಂತ್ರ ಕೆಲಸ ಮಾಡಬೇಕಾದ್ದೂ ಅಂಥ ಅಂಗಳದಲ್ಲೇ.

4. ಬರೆದಿಳಿಸುವುದು: ಇದೇ ಎಲ್ಲಕ್ಕಿಂತ ಹೆಚ್ಚು ದುಡಿಮೆ ಬೇಡುವ ಹಂತ. ಒಂದು ಗಂಟೆಯ ಮಾತುಕತೆಯನ್ನು ನಿಲ್ಲಿಸಿ, ಮತ್ತೆ ಕೇಳಿ, ಸರಿಯಾಗಿ ಬರೆಯುವಷ್ಟರಲ್ಲಿ ದಿನವೇ ಕಳೆಯಬಹುದು. ಆಡಿದ್ದನ್ನು ಆಡಿದಂತೆಯೇ ಬರೆಯಬೇಕು, ತಿದ್ದಬಾರದು.

5. ತಪಾಸಣೆ: ಬೀಜವನ್ನು ಜರಡಿ ಹಿಡಿದಂತೆ ಧ್ವನಿಯನ್ನೂ ಸೋಸಬೇಕು. ಮೊಜಿಲ್ಲಾ ಸಂಸ್ಥೆ 2017ರಲ್ಲಿ ಆರಂಭಿಸಿದ ‘ಕಾಮನ್ ವಾಯ್ಸ್’ ಎಂಬ ಯೋಜನೆಯಲ್ಲಿ ಒಬ್ಬರು ಓದಿದ್ದನ್ನು ಬೇರೆ ಜನ ಕೇಳಿ ಸರಿ ಅಥವಾ ತಪ್ಪು ಎನ್ನುತ್ತಾರೆ. ಇಬ್ಬರು ಸರಿ ಎಂದರೆ ಮಾತ್ರ ಆ ಧ್ವನಿ ಒಳಗೆ ಹೋಗುತ್ತದೆ. ಈ ಯೋಜನೆಯಲ್ಲಿ ಕೆಚುವಾದ ಹಲವು ಬಗೆಗಳಿಗೂ ಜಾಗವಿದೆ.

6. ಪರೀಕ್ಷೆಗೆ ತೆಗೆದಿಡುವುದು: ಬೀಜದ ಮೊಳಕೆ ಪರೀಕ್ಷೆಗೆ ಒಂದು ಹಿಡಿ ತೆಗೆಯುವಂತೆ ಕೆಲವರ ಧ್ವನಿಯನ್ನು ಯಂತ್ರಕ್ಕೆ ಕಲಿಸದೆ ಬದಿಗಿಡಬೇಕು. ಕಲಿಕೆ ಮುಗಿದ ಮೇಲೆ ಆ ಹೊಸ ಧ್ವನಿ ಕೇಳಿಸಿ ನೋಡಬೇಕು. ಕೇಳಿದ ಧ್ವನಿಯನ್ನೇ ಮತ್ತೆ ಕೇಳಿಸಿ ಅಂಕ ಕೊಟ್ಟರೆ ಅದು ಬಾಯಿಪಾಠ ಒಪ್ಪಿಸಿದಂತೆ.

ಸೀಮೆಗೊಂದು ಮಾತು

ಕೆಚುವಾ ಎಂದು ಒಂದೇ ಹೆಸರಿನಲ್ಲಿ ಕರೆದರೂ ಅದು ಸೀಮೆಯಿಂದ ಸೀಮೆಗೆ ಬೇರೆಯಾಗುತ್ತದೆ. ದೂರದ ಸೀಮೆಗಳವರಿಗೆ ಒಬ್ಬರ ಮಾತು ಇನ್ನೊಬ್ಬರಿಗೆ ತಿಳಿಯುವುದೂ ಕಷ್ಟ. ದಕ್ಷಿಣದ ಕುಸ್ಕೊ ಮತ್ತು ಅಯಾಕುಚೊ ಸೀಮೆಗಳು ಹತ್ತಿರದವು. ಅವುಗಳಲ್ಲೂ ಎಷ್ಟು ವ್ಯತ್ಯಾಸ ನೋಡಿ. ಕುಸ್ಕೊದಲ್ಲಿ ‘ತ’ಕಾರ ಮೂರು ಬಗೆ. ನಮ್ಮ ‘ತ’ದಂತೆ ಒಂದು, ನಮ್ಮ ‘ಥ’ದಂತೆ ಇನ್ನೊಂದು. ಮೂರನೆಯದಕ್ಕೆ ನಮ್ಮ ಕಾಗುಣಿತದಲ್ಲಿ ಅಕ್ಷರವಿಲ್ಲ. ಗಂಟಲು ಬಿಗಿಹಿಡಿದು ನಾಲಿಗೆಯ ತುದಿಯಿಂದ ಸಿಡಿಸಬೇಕು. ‘ತಂತ’ ಎಂದರೆ ಕೂಡಿಸಿದ್ದು, ‘ಥಂತ’ ಎಂದರೆ ಹರಕು, ಅದನ್ನೇ ಸಿಡಿಸಿ ಹೇಳಿದರೆ ರೊಟ್ಟಿ. ಅಯಾಕುಚೊದಲ್ಲಿ ಈ ಮೂರು ಬಗೆ ಇಲ್ಲ. ಅಲ್ಲಿ ಬರೀ ‘ತಂತ’ ಎಂದರೇ ರೊಟ್ಟಿ. ಅಯಾಕುಚೊದವರ ಮಾತನ್ನಷ್ಟೇ ಕಲಿತ ಯಂತ್ರವನ್ನು ಕುಸ್ಕೊಕ್ಕೆ ಒಯ್ದರೆ ಅದು ಹರಕನ್ನೂ ರೊಟ್ಟಿ ಎಂದೇ ಬರೆದೀತು.

ಬರಹದಲ್ಲೂ ಜಗಳ ಉಂಟು. ಕೆಚುವಾದ ಸ್ವರಗಳು ಮೂರೇ, ಅ, ಇ, ಉ ಎಂದು ಭಾಷಾ ಪಂಡಿತರ ವಾದ. ಪೆರು ಸರ್ಕಾರ 1985ರಲ್ಲಿ ಇದನ್ನು ಒಪ್ಪಿ ಅಕ್ಷರಮಾಲೆ ನಿಗದಿ ಮಾಡಿತು. ಕುಸ್ಕೊದ ಕೆಚುವಾ ಅಕಾಡೆಮಿಯವರು ಇದನ್ನು ಒಪ್ಪದೆ ಎ, ಒ ಸೇರಿಸಿ ಐದು ಸ್ವರ ಬೇಕೆಂದು ಹಟ ಹಿಡಿದರು. ಇದರಿಂದ ಚಿನ್ನ ಎಂಬ ಒಂದೇ ಪದವನ್ನು ಒಬ್ಬರು ‘ಖುರಿ’ ಎಂದೂ ಇನ್ನೊಬ್ಬರು ‘ಖೊರಿ’ ಎಂದೂ ಬರೆಯುತ್ತಾರೆ. ಓದುವ ಮನುಷ್ಯನಿಗೆ ಇದು ತೊಡಕಲ್ಲ. ಯಂತ್ರಕ್ಕೆ ಮಾತ್ರ ಅವು ಎರಡು ಪದ. ಮೊದಲೇ ಚಿಕ್ಕದಾದ ಕಣಜ ಈ ಕಾರಣದಿಂದ ಹೋಳಾಗುತ್ತದೆ. ಆದ್ದರಿಂದ ಧ್ವನಿ ಕೂಡಿಸಲು ಹೊರಡುವ ಮುನ್ನವೇ ಹಿರಿಯರನ್ನೂ ಮಾಸ್ತರರನ್ನೂ ಕೂಡಿಸಿ ಬರೆಯುವ ಕ್ರಮವೊಂದನ್ನು ಒಪ್ಪಿಕೊಳ್ಳಬೇಕು. ಆಡುವಾಗ ಅವರವರ ಸೀಮೆಯಂತೆ ಆಡಲಿ, ಬರೆಯುವಾಗ ಒಂದು ಕ್ರಮವಿರಲಿ.

ಕಣಜದ ಕೀಲಿ ಯಾರ ಕೈಯಲ್ಲಿ?

ಇಷ್ಟೆಲ್ಲ ಕಷ್ಟಪಟ್ಟು ತುಂಬಿದ ಕಣಜ ಕೊನೆಗೆ ಯಾರದು? ಈ ಪ್ರಶ್ನೆಗೆ ಜಗತ್ತಿನಲ್ಲಿ ಬೇರೆ ಬೇರೆ ಉತ್ತರಗಳಿವೆ.

ಕಾಮನ್ ವಾಯ್ಸ್ ಯೋಜನೆಯಲ್ಲಿ ಕೂಡಿಸಿದ ಧ್ವನಿಯನ್ನು ಯಾರು ಬೇಕಾದರೂ ಬಿಟ್ಟಿಯಾಗಿ ಒಯ್ಯಬಹುದೆಂಬ ನಿಯಮದಲ್ಲಿ ಬಿಡುಗಡೆ ಮಾಡುತ್ತ ಬಂದರು. ಊರ ಕೆರೆಯ ನೀರಿದ್ದಂತೆ. ಬಡ ವಿದ್ಯಾರ್ಥಿಯೂ ಬಳಸಬಹುದು, ದೊಡ್ಡ ಕಂಪನಿಯೂ ಪಂಪು ಹಚ್ಚಿ ಎಳೆದುಕೊಳ್ಳಬಹುದು.

ಎರಡನೆಯ ದಾರಿ ಕಂಪನಿಗಳದು. 2023ರಲ್ಲಿ ಮೆಟಾ ಕಂಪನಿ 1,100ಕ್ಕೂ ಹೆಚ್ಚು ನುಡಿಗಳನ್ನು ಕೇಳಬಲ್ಲ ಯಂತ್ರ ಮಾಡಿದೆವೆಂದು ಪ್ರಕಟಿಸಿತು. ಅಷ್ಟೊಂದು ನುಡಿಗಳ ಧ್ವನಿ ಮುಖ್ಯವಾಗಿ ಬಂದದ್ದು ಬೈಬಲಿನ ಹೊಸ ಒಡಂಬಡಿಕೆಯನ್ನು ಓದಿದ ಮುದ್ರಣಗಳಿಂದ. ಓದಿದವರಲ್ಲಿ ಗಂಡಸರೇ ಹೆಚ್ಚು. ಇಷ್ಟು ನುಡಿಗಳನ್ನು ಮುಟ್ಟಿದ್ದು ದೊಡ್ಡ ಕೆಲಸವೇ. ಆದರೆ ಗ್ರಂಥವನ್ನು ನಿಧಾನವಾಗಿ ಓದುವ ಧ್ವನಿಗೂ, ಹೊಲದ ಬದುವಿನಲ್ಲಿ ನಿಂತು ‘ಎಲೆ ಕಪ್ಪಾಗಿದೆ, ಏನು ಮಾಡಲಿ’ ಎಂದು ಕೇಳುವ ಧ್ವನಿಗೂ ಅಂತರ ಬಹಳ.

ಮೂರನೆಯ ದಾರಿಯನ್ನು ತೋರಿಸಿದವರು ನ್ಯೂಜಿಲೆಂಡಿನ ಮಾವೊರಿ ಜನ. ಆ ದೇಶದ ಉತ್ತರ ತುದಿಯ ಕೈತಾಯಾ ಊರಿನಲ್ಲಿ ‘ತೆ ಹಿಕು ಮೀಡಿಯಾ’ ಎಂಬ ಸಂಸ್ಥೆಯಿದೆ. ಮೂಲತಃ ಅದು ಮಾವೊರಿ ಕುಲದವರ ಬಾನುಲಿ ಕೇಂದ್ರ. 2018ರಲ್ಲಿ ಅವರು ಜನರಿಗೆ ಕರೆಕೊಟ್ಟು, ತಂಡಗಳ ನಡುವೆ ಪಂದ್ಯ ಹೂಡಿ ಧ್ವನಿ ಕೂಡಿಸಿದರು. ಹತ್ತೇ ದಿನಗಳಲ್ಲಿ ಸುಮಾರು 2,500 ಜನ 300ಕ್ಕೂ ಹೆಚ್ಚು ಗಂಟೆಗಳ ಧ್ವನಿ ಕೊಟ್ಟರು. ಹೊರಗಿನ ಕಂಪನಿಯೊಂದು ಹಣ ಕೊಡುತ್ತೇವೆ, ಧ್ವನಿ ಕೊಡಿ ಎಂದು ಬಂದಾಗ ಒಪ್ಪಲಿಲ್ಲ. ಹಿಂದೆ ನಮ್ಮ ನೆಲವನ್ನು ಕಾಗದಕ್ಕೆ ಸಹಿ ಹಾಕಿಸಿಕೊಂಡು ಒಯ್ದರು, ಈಗ ನಮ್ಮ ನುಡಿಯನ್ನು ಒಯ್ದು ನಮಗೇ ಮಾರಲು ಬಿಡಲಾರೆವು ಎಂಬುದು ಅವರ ನಿಲುವು. ಕಣಜಕ್ಕೆ ಅವರು ತಾವೇ ಒಂದು ಪರವಾನಗಿ ಬರೆದುಕೊಂಡರು. ಅದರಂತೆ ಅವರು ಒಡೆಯರಲ್ಲ, ಕಾವಲುಗಾರರು. ಮಾವೊರಿ ಜನಕ್ಕೆ ಉಪಯೋಗವಾಗುವ ಕೆಲಸಕ್ಕೆ ಮಾತ್ರ ಬಾಗಿಲು ತೆರೆಯುತ್ತದೆ.

ಈ ಮೂರರಲ್ಲಿ ಇದೇ ಸರಿ ಎಂದು ಎಲ್ಲರಿಗೂ ಒಂದೇ ಸೂತ್ರ ಹೇಳಲಾಗದು. ಬಾಗಿಲು ಪೂರಾ ಮುಚ್ಚಿದರೆ ಬೀಜ ಕಣಜದಲ್ಲೇ ಮುಗ್ಗಲಾಗುತ್ತದೆ. ಪೂರಾ ತೆರೆದರೆ ಬೆಳೆದವನಿಗೇ ಉಳಿಯದೆ ಹೋಗಬಹುದು. ನಿರ್ಧಾರ ಮಾಡಬೇಕಾದವರು ಧ್ವನಿ ಕೊಟ್ಟ ಜನ. ಅವರನ್ನು ಕೇಳದೆ ಬೇರೆಯವರು ಮಾಡಬಾರದು.

ನಮ್ಮ ಹಳ್ಳಿಗೂ ಬಂದಿದೆ

ಇದೆಲ್ಲ ದೂರದ ಊರಿನ ಕಥೆ ಎಂದುಕೊಳ್ಳಬೇಡಿ. ಬೆಂಗಳೂರಿನ ಭಾರತೀಯ ವಿಜ್ಞಾನ ಸಂಸ್ಥೆ 2022ರಲ್ಲಿ ಗೂಗಲ್ ನೆರವಿನಿಂದ ‘ವಾಣಿ’ ಎಂಬ ಯೋಜನೆ ಹಮ್ಮಿಕೊಂಡಿತು. ದೇಶದ ಎಲ್ಲ ಜಿಲ್ಲೆಗಳ ಜನರಿಗೆ ಚಿತ್ರ ತೋರಿಸಿ ಅವರವರ ಮಾತಿನಲ್ಲೇ ಹೇಳಿಸುವ ಗುರಿ ಅದರದು. ಮದ್ರಾಸ್ ಐಐಟಿಯ ಸಂಶೋಧಕರು 2024ರಲ್ಲಿ ಹೊರತಂದ ‘ಇಂಡಿಕ್ ವಾಯ್ಸಸ್’ ಕಣಜದಲ್ಲಿ 145 ಜಿಲ್ಲೆಗಳ 16,237 ಜನರ 7,348 ಗಂಟೆಗಳ ಧ್ವನಿ ಇತ್ತು. ಅದರಲ್ಲಿ ಸಂವಿಧಾನದ ಎಂಟನೇ ಅನುಸೂಚಿಯ 22 ಭಾಷೆಗಳಿದ್ದವು, ಕನ್ನಡವೂ ಸೇರಿ. ಆ 22ರ ಪಟ್ಟಿಯಲ್ಲಿ ಕೊಂಕಣಿ ಇದೆ. ತುಳು, ಕೊಡವ, ಬ್ಯಾರಿ, ಲಂಬಾಣಿ ಇಲ್ಲ. 2011ರ ಜನಗಣತಿಯಲ್ಲಿ 18 ಲಕ್ಷಕ್ಕೂ ಹೆಚ್ಚು ಜನ ತುಳುವನ್ನು ತಾಯ್ನುಡಿ ಎಂದು ಬರೆಸಿದ್ದರು, ಕೊಡವವನ್ನು ಬರೆಸಿದವರು 1,13,000ದಷ್ಟು. ಪಟ್ಟಿಗೆ ಸೇರದ ನುಡಿಗೆ ಕಣಜ ಕಟ್ಟಬೇಕಾದವರು, ಕೆಚುವಾದವರಂತೆ, ಆ ನುಡಿಯವರೇ.

ಬೆಂಗಳೂರಿನ ‘ಕಾರ್ಯ’ ಎಂಬ ಸಂಸ್ಥೆ ಕರ್ನಾಟಕದ ಹಳ್ಳಿಗಳಲ್ಲೇ ಜನರಿಂದ ಫೋನಿನಲ್ಲಿ ಕನ್ನಡ ವಾಕ್ಯ ಓದಿಸಿ ಧ್ವನಿ ಕೂಡಿಸಿದೆ. 2023ರಲ್ಲಿ ಅದು ಗಂಟೆಗೆ ಸುಮಾರು 5 ಡಾಲರ್, ಅಂದರೆ ಆಗಿನ ಲೆಕ್ಕದಲ್ಲಿ 400 ರೂಪಾಯಿ ಕೊಡುತ್ತಿತ್ತು. ಅದೇ ಧ್ವನಿ ಮತ್ತೊಮ್ಮೆ ಮಾರಾಟವಾದರೆ ಓದಿದವರಿಗೆ ಮತ್ತೆ ಪಾಲು ಕೊಡುವ ನಿಯಮವನ್ನೂ ಇಟ್ಟುಕೊಂಡಿತ್ತು. ಧ್ವನಿಗೆ ಬೆಲೆಯುಂಟು ಎಂಬುದಕ್ಕೆ ಇದಕ್ಕಿಂತ ಬೇರೆ ಸಾಕ್ಷಿ ಬೇಡ.

ರೈತರಿಗೆ ಇದರಿಂದೇನು ಎಂದು ಕೇಳಬಹುದು. ಪಿ.ಎಂ. ಕಿಸಾನ್ ಯೋಜನೆಯ ಪ್ರಶ್ನೆಗಳಿಗೆ ಬಾಯಿಮಾತಿನಲ್ಲೂ ಉತ್ತರಿಸುವ ‘ಕಿಸಾನ್ ಇ-ಮಿತ್ರ’ ಎಂಬ ಸೇವೆಯನ್ನು ಕೇಂದ್ರ ಸರ್ಕಾರ 2023ರಲ್ಲಿ ಆರಂಭಿಸಿತು. ಇಂಥವು ಮುಂದೆ ಬ್ಯಾಂಕಿಗೆ, ಆಸ್ಪತ್ರೆಗೆ, ಮಾರುಕಟ್ಟೆಗೆ ಬರುತ್ತಲೇ ಹೋಗುತ್ತವೆ. ಆಗ ಬೆಂಗಳೂರಿನ ಕನ್ನಡವನ್ನಷ್ಟೇ ಬಲ್ಲ ಯಂತ್ರದ ಮುಂದೆ ಕಲಬುರಗಿಯ ರೈತ, ಕುಂದಾಪುರದ ಮೀನುಗಾರ, ಚಾಮರಾಜನಗರದ ಸೋಲಿಗ ತಮ್ಮ ಮಾತನ್ನು ಎಷ್ಟು ಸಲ ತಿರುಗಿಸಿ ಹೇಳಬೇಕಾದೀತು? ಕಣಜದಲ್ಲಿ ಅವರ ಮಾತೂ ಬಿದ್ದಿದ್ದರೆ ಈ ಪಾಡು ತಪ್ಪುತ್ತದೆ.

ಧ್ವನಿ ಕೊಡುವ ಮೊದಲು ಕೇಳಿ

ನಿಮ್ಮೂರಿಗೂ ಯಾರಾದರೂ ಫೋನು ಹಿಡಿದು ‘ಸ್ವಲ್ಪ ಮಾತನಾಡಿ’ ಎಂದು ಬಂದರೆ ಹೆದರಬೇಡಿ. ಹಾಗೆಂದು ಕೇಳದೆ ಒಪ್ಪಿಕೊಳ್ಳಲೂ ಬೇಡಿ. ಈ ಪ್ರಶ್ನೆಗಳನ್ನು ಕೇಳಿ:

– ನೀವು ಯಾರು, ಯಾವ ಸಂಸ್ಥೆಯವರು? ಈ ಧ್ವನಿ ಯಾವ ಕೆಲಸಕ್ಕೆ?

– ಇದು ಯಾರಿಗೆ ಸಿಗುತ್ತದೆ? ಮಾರುತ್ತೀರಾ? ಮಾರಿದರೆ ನಮಗೇನು?

– ದಿನಗೂಲಿ ಬಿಟ್ಟು ಕೂತು ಮಾತನಾಡಿದ್ದಕ್ಕೆ ಸಂಭಾವನೆ ಎಷ್ಟು, ಯಾವಾಗ?

– ಹೆಸರು, ಊರು ಬಹಿರಂಗವಾಗುತ್ತದೆಯೇ? ನಾಳೆ ಬೇಡವೆಂದರೆ ಅಳಿಸುತ್ತೀರಾ?

– ಯಂತ್ರ ತಯಾರಾದ ಮೇಲೆ ನಮ್ಮೂರಿಗೆ ಅದರ ಉಪಯೋಗ ಹೇಗೆ ಸಿಗುತ್ತದೆ?

ಒಪ್ಪಿಗೆಯ ಕಾಗದ ಇಂಗ್ಲಿಷಿನಲ್ಲಿದ್ದರೆ ಕನ್ನಡದಲ್ಲಿ ಕೊಡಿ ಎನ್ನಿ. ವೈಯಕ್ತಿಕ ದತ್ತಾಂಶದ ರಕ್ಷಣೆಗೆ 2023ರಲ್ಲಿ ಸಂಸತ್ತು ಮಾಡಿದ ಕಾಯ್ದೆ, ಒಪ್ಪಿಗೆ ಕೇಳುವಾಗ ಅನುಸೂಚಿಯ ಭಾಷೆಗಳಲ್ಲಿ ಓದುವ ಅವಕಾಶವಿರಬೇಕೆಂದೂ, ಕೊಟ್ಟ ಒಪ್ಪಿಗೆಯನ್ನು ಹಿಂತೆಗೆದುಕೊಳ್ಳಬಹುದೆಂದೂ ಹೇಳುತ್ತದೆ. ಅದು ಹಂತ ಹಂತವಾಗಿ ಜಾರಿಗೆ ಬರುವ ಕಾಯ್ದೆ. ಆದರೆ ಪ್ರಶ್ನೆ ಕೇಳಲು ಕಾಯ್ದೆಗಾಗಿ ಕಾಯಬೇಕಾಗಿಲ್ಲ. ಬ್ಯಾಂಕಿನ ಗುಪ್ತ ಸಂಖ್ಯೆ, ಆಧಾರ್ ಸಂಖ್ಯೆ ಮುಂತಾದವನ್ನು ಧ್ವನಿಮುದ್ರಣದಲ್ಲಿ ಎಂದೂ ಹೇಳಬೇಡಿ. ಕೇಳಿದವರನ್ನು ಅಲ್ಲಿಂದಲೇ ಕಳುಹಿಸಿಬಿಡಿ.

ಯಾರೂ ಬಾರದಿದ್ದರೂ ನೀವೇ ಆರಂಭಿಸಬಹುದಾದ ಕೆಲಸ ಒಂದಿದೆ. ನಿಮ್ಮೂರ ವಾಚನಾಲಯದಲ್ಲಿ ನಾಲ್ಕು ಹುಡುಗರು ಸೇರಿ, ಊರ ಹಿರಿಯರ ಒಪ್ಪಿಗೆ ಪಡೆದು, ಬೀಜದ ಹೆಸರು, ದನದ ರೋಗದ ಹೆಸರು, ಮಳೆ ನಕ್ಷತ್ರಗಳ ಲೆಕ್ಕ, ನೇಗಿಲಿನ ಭಾಗಗಳ ಹೆಸರು ಇವನ್ನು ಅವರ ಬಾಯಿಂದಲೇ ಫೋನಿನಲ್ಲಿ ಹಿಡಿದಿಡಿ. ಯಾರು, ಯಾವಾಗ, ಎಲ್ಲಿ ಹೇಳಿದರು ಎಂದು ಪುಸ್ತಕದಲ್ಲಿ ಬರೆದಿಡಿ. ಧ್ವನಿಯ ಜೊತೆಗೆ ಬರಹವನ್ನೂ ಜೋಡಿಸಿ. ಎರಡು ಕಡೆ ಪ್ರತಿ ಇಟ್ಟುಕೊಳ್ಳಿ. ಒಂದು ವರ್ಷ ಬಿಟ್ಟು ಮಾಡೋಣವೆಂದರೆ ಹೇಳಬೇಕಾದ ಅಜ್ಜಿ ಇರುವುದಿಲ್ಲ.

ಆಂಡೀಸಿನ ರೈತ ಐನಿಗೆ ಹೋಗುವಾಗ ಕೂಲಿ ಕೇಳುವುದಿಲ್ಲ. ಆದರೆ ಯಾರ ಹೊಲಕ್ಕೆ ಎಷ್ಟು ದಿನ ಹೋದೆ ಎಂಬುದನ್ನು ಮರೆಯುವುದೂ ಇಲ್ಲ. ಕೊಟ್ಟ ದಿನ ತಿರುಗಿ ಬರಲೇಬೇಕು. ಯಂತ್ರಕ್ಕೆ ಕೊಡುವ ಮಾತೂ ಅಂಥದೇ ಮುಯ್ಯಿ. ಕೊಡಿ, ಧಾರಾಳವಾಗಿ ಕೊಡಿ, ನಿಮ್ಮ ಸೀಮೆಯ ಮಾತಿನಲ್ಲೇ ಕೊಡಿ. ಲೆಕ್ಕ ಮಾತ್ರ ಬರೆದಿಟ್ಟುಕೊಳ್ಳಿ.